ಹಂತಪಲ್ಲಟ ಯಂತ್ರ ಮತ್ತು ರೇವಣ್ಣನವರ ಮಗಳ ಮದುವೆ

"ನೋಡೇ ಸರ್ವಮಂಗಳಾ, ಇದೇ ಹಂತಪಲ್ಲಟ!" ಎನ್ನುತ್ತ ಪಂಚಾಕ್ಷರಿ ಮೇಜಿನ ಮೇಲಿದ್ದ ತಗಡಿನ ಡಬ್ಬಿಯ ಬೆನ್ನು ಚಪ್ಪರಿಸಿದ.

ತಿಪಟೂರಿನಲ್ಲಿ ಮದುವೆ ವಿಡಿಯೋ ತೆಗೆಯುವವರು ಬೇಕಾದಷ್ಟು ಜನರಿದ್ದರೂ, ಕಂಪ್ಯೂಟರನ್ನು ಅದರ ಪಾಡಿಗೆ ಬಿಡಲಾಗದವನು ಸರ್ವಮಂಗಳೆಯ ಗಂಡ ಒಬ್ಬನೇ. ಅವನ ಲಿನಕ್ಸ್ ಕಂಪ್ಯೂಟರಿನಲ್ಲಿ ಎರಡು ಡಿಸ್ಕ್‌ಗಳಿದ್ದವು. ಹೀಗೆ ಡಿಸ್ಕ್‌ಗಳನ್ನು ಜೊತೆಗೂಡಿಸುವುದಕ್ಕೆ ರೇಡ್ ಎನ್ನುತ್ತಾರೆ. ಒಂದರಲ್ಲಿದ್ದದ್ದೇ ಇನ್ನೊಂದರಲ್ಲೂ ಇದ್ದರೆ ಅದು ಒಂದನೇ ಹಂತ. ಮೂರನೆಯದನ್ನು ಸೇರಿಸಿ ಐದನೇ ಹಂತಕ್ಕೆ ಏರಿಸಿದರೆ ಜಾಗವೂ ಹೆಚ್ಚು, ಒಂದು ಡಿಸ್ಕ್ ಸತ್ತರೆ ಅದರಲ್ಲಿದ್ದದ್ದನ್ನು ಉಳಿದೆರಡು ಸೇರಿ ಲೆಕ್ಕ ಹಾಕಿ ಹೇಳುತ್ತವೆ. ಹಾಗೆ ಹಂತ ಬದಲಿಸುವುದೇ ಈ ಯಂತ್ರದ ಕೆಲಸ.

"ರೇವಣ್ಣೋರ ಮಗಳ ಮದುವೆ ಅದರೊಳಗೇ ಇದೆ ಕಣ್ರೀ. ಸಾಯಂಕಾಲ ನೋಡಕ್ಕೆ ಬರ್ತಾರೆ. ಬೇರೆ ಕಾಪಿ ಇಟ್ಟಿದೀರಾ?"

"ಇಟ್ಟಿದೀನಿ ಕಣೇ! ಆ ಗೂಡಲ್ಲಿದೆ ನೋಡು."

ಸರ್ವಮಂಗಳೆಗೆ ಜೀವ ಬಂದಂತಾಯಿತು. ಮೂರೂ ಡಿಸ್ಕ್‌ಗಳನ್ನು ಯಂತ್ರಕ್ಕೆ ಹಾಕಿ, ಶುರುಮಾಡಿ ಇಬ್ಬರೂ ಕಾಫಿಗೆ ಒಳಗೆ ಹೋದರು.

ಆಗ ಅತ್ತೆ ಕಲ್ಲಮ್ಮ ಹೊಸ ಯಂತ್ರಕ್ಕೆ ವಿಭೂತಿ ಹಚ್ಚಲು ಬಂದರು. ಮೂರು ಜನ ಒಳ್ಳೆಯ ಕೆಲಸಕ್ಕೆ ಹೊರಟರೆ ಒಬ್ಬರ ಕೈಗೆ ಅಡಿಕೆಯನ್ನಾದರೂ ಕೊಟ್ಟು ನಾಲ್ಕು ಮಾಡಿ ಕಳಿಸುವವರು ಅವರು. ಯಂತ್ರದಲ್ಲಿ ನೋಡಿದರೆ ಮೂರೇ ಡಿಸ್ಕ್! ಪಕ್ಕದಲ್ಲಿ ಒಂದು ಖಾಲಿ ಜಾಗ, ಗೂಡಿನಲ್ಲಿ ಇನ್ನೊಂದು ಡಿಸ್ಕ್. ತಳ್ಳಿಯೇಬಿಟ್ಟರು.

ಯಂತ್ರ ಕೂಗಿಕೊಂಡಿತು. ಗಂಡ ಹೆಂಡಿರು ಓಡಿಬಂದರು.

"ಅತ್ತೇ, ಗೂಡಲ್ಲಿದ್ದದ್ದು ಎಲ್ಲಿ?"

"ಮೂರೇ ಇದ್ವಲ್ಲಮ್ಮ, ಜೊತೆಗಿರ್ಲಿ ಅಂತ ಸೇರ್ಸ್ದೆ!"

ಹೊಸ ಡಿಸ್ಕ್ ಬಂತೆಂದು ಯಂತ್ರ ಆ ಕಾಪಿಯನ್ನು ಆಗಲೇ ಪೂರ್ತಿ ಅಳಿಸಿ ಹಾಕಿತ್ತು.

"ಮುಟ್ಟಬೇಡ್ರೀ! ಹಂತ ಬದಲಾಗೋದು ಮುಗೀಲಿ!" ಎಂದು ಸರ್ವಮಂಗಳೆ ಬೇಡಿಕೊಂಡಳು. ಪಂಚಾಕ್ಷರಿ ಕೇಳುವವನೇ? ನಾಲ್ಕನೆಯದೆಂದು ಗಾಬರಿಯಲ್ಲಿ ಎರಡನೆಯದನ್ನು ಕಿತ್ತ. "ಅಯ್ಯೋ, ಇದಲ್ಲ!" ಎಂದು ಮೂರನೆಯದನ್ನೂ ಕಿತ್ತ.

ಒಂದು ಹೋದರೆ ತಡೆದುಕೊಳ್ಳುವ ಕಡೆ ಎರಡು ಹೋದವು. ಬೇರೆ ಕಂಪ್ಯೂಟರಾಗಿದ್ದರೆ ಅಲ್ಲಿಗೇ ಕೈಚೆಲ್ಲುತ್ತಿತ್ತು. ಹಂತಪಲ್ಲಟ ಮಾತ್ರ ಇಲ್ಲದ್ದನ್ನೆಲ್ಲ ಊಹಿಸಿ ತುಂಬತೊಡಗಿತು.

"ಯಾರ ಮುಖ ಕಳೆದುಹೋದ್ರೂ, ಹೆಚ್ಚಾಗಿ ಕಂಡಿರೋ ಮುಖ ತಂದು ಅಲ್ಲಿಗೆ ಹಾಕುತ್ತೆ. ನಾನೇ ಕಲಿಸಿದ್ದು!" ಎಂದ ಪಂಚಾಕ್ಷರಿ. ಅಂಥ ಹೊತ್ತಲ್ಲೂ ಅವನಿಗೆ ಹೆಮ್ಮೆ.

ಸಾಯಂಕಾಲ ರೇವಣ್ಣ ತಮ್ಮ ಹೆಂಡತಿಯ ತಮ್ಮ ತೋಂಟದಾರ್ಯನನ್ನೂ ಕರೆದುಕೊಂಡು ಬಂದರು. ಮದುಮಗಳ ಸೋದರಮಾವನಾದ ಈತ ಮದುವೆಯುದ್ದಕ್ಕೂ ಕ್ಯಾಮೆರಾದ ಮುಂದಿನಿಂದ ಕದಲಿರಲಿಲ್ಲ.

ಪರದೆ ಬೆಳಗಿತು. ಊಟದ ಪಂಕ್ತಿಯಲ್ಲಿ ತೋಂಟದಾರ್ಯ, ಬಡಿಸುವವನೂ ತೋಂಟದಾರ್ಯ. ಓಲಗದವರೆಲ್ಲ ತೋಂಟದಾರ್ಯ. ತಾಳಿ ಕಟ್ಟಿದವನೂ ಅವನೇ. ಪೊದೆಮೀಸೆಯಡಿ ನಾಚಿಕೊಂಡು ಕಟ್ಟಿಸಿಕೊಂಡವನೂ ಅವನೇ!

"ನನ್ನ ಮಗಳೆಲ್ಲಿ?" ಎಂದರು ರೇವಣ್ಣ.

ಸರ್ವಮಂಗಳೆಗೆ ಅಳುವೇ ಬಂತು. "ತಪ್ಪು ನಮ್ದೇ ಅಣ್ಣಾ. ಹುಡುಗ ಹುಡುಗೀನ ಕರೆಸಿ. ಚಪ್ಪರ ನಾವೇ ಹಾಕಿಸಿ ಇನ್ನೊಂದ್ಸಲ ತೆಗೀತೀವಿ."

ತೋಂಟದಾರ್ಯ ಪರದೆಯಿಂದ ಕಣ್ಣು ಕೀಳದೆ, ತುಂಬಿದ ದನಿಯಲ್ಲಿ ಹೇಳಿದ: "ಯಾವತ್ತು ಅಂತ ಹೇಳಿ ಭಾವ, ಬೆಳಿಗ್ಗೇನೇ ಬಂದ್ಬಿಡ್ತೀನಿ!"

"ನೀನು ಬರೋದ್ ಬೇಡ ಕಣಯ್ಯ," ಎಂದರು ರೇವಣ್ಣ. "ಹೋದ ಸಲಾನೇ ಆರ್ನೂರು ಜನ ಬಂದಿದ್ದೆ."