ರೀಲಿನ ಅಡಿಯ ಸೋಮಾರಿ ದಾರ

ನನ್ನ ಹೆಂಡತಿ ವರ್ನೆಲ್ ನನಗೆ ಒಂದು ಮೀನು ಬಾಕಿ ಕೊಡಬೇಕು. ಬಾಸ್ ಮೀನು, ಏಳೂಕಾಲು ಪೌಂಡಿನದು. ಅದು ಬಿದ್ದದ್ದು ನನ್ನ ಗಾಳಕ್ಕೆ, ನುಂಗಿದ್ದು ನನ್ನ ರಬ್ಬರ್ ಕಪ್ಪೆಯನ್ನು, ಎಳೆದದ್ದು ನನ್ನ ದಾರವನ್ನು. ಆದರೆ ಇವತ್ತು ಇಡೀ ಊರು ಅದನ್ನು ವರ್ನೆಲ್‌ಳ ಮೀನು ಅನ್ನುತ್ತಿದೆ. ಊರಿಗೆ ಬೆಂಕಿ ಹಾಕ.

ನಾನು ರೇಫರ್ಡ್. ಅಲಬಾಮಾದ ಟೈರು ಕಾರ್ಖಾನೆಯೊಂದರಲ್ಲಿ ಇಪ್ಪತ್ತೇಳು ವರ್ಷ ರಬ್ಬರು ಬೇಯಿಸಿದವನು. ಎರಡು ಮುಷ್ಕರ ನಡೆಸಿದ್ದೇನೆ, ಮೂರು ಸಲ ಜೈಲಿನ ತಣ್ಣನೆಯ ಜೋಳದ ಗಂಜಿ ಕುಡಿದಿದ್ದೇನೆ. ಶೆರಿಫನ ನಾಯಿ ನನ್ನ ಹಿಂಭಾಗದಿಂದ ಕಿತ್ತುಕೊಂಡ ತುಂಡನ್ನು ಸರ್ಕಾರ ಇನ್ನೂ ಹಿಂದಿರುಗಿಸಿಲ್ಲ. ಇಂಥವನನ್ನು ಒಬ್ಬ ಹೆಂಗಸು ಒಂದು ಗಜ ದಾರದಲ್ಲಿ ಕಟ್ಟಿ ಕೆಡವಿದ ಕಥೆ ಇದು.

ಪ್ರತಿ ಮೇ ತಿಂಗಳು ನಮ್ಮ ಕಾರ್ಮಿಕ ಸಂಘ ಹಿನ್ನೀರಿನಲ್ಲಿ ದಂಪತಿಗಳ ಬಾಸ್ ಸ್ಪರ್ಧೆ ನಡೆಸುತ್ತದೆ. ದೋಣಿಗೊಂದು ಜೋಡಿ. ಮುಂದೆ ನಿಂತವರ ಕಾಲಡಿಯಲ್ಲಿ ಪುಟ್ಟ ಮೋಟಾರಿನ ಪೆಡಲು ಇರುತ್ತದೆ. ದೋಣಿ ಎಲ್ಲಿಗೆ ಹೋಗಬೇಕು, ಎಲ್ಲಿ ನಿಲ್ಲಬೇಕು ಎಲ್ಲ ಅವರದೇ ತೀರ್ಮಾನ. ಮುಟ್ಟದ ನೀರಿಗೆ ಮೊದಲು ಗಾಳ ಬೀಸುವವರೂ ಅವರೇ. ಹಿಂದೆ ನಿಂತವರಿಗೆ ಸಿಗುವುದು ಎಂಜಲು ನೀರು. ಇಪ್ಪತ್ತೆರಡು ವರ್ಷದಿಂದ ನಾನು ಮುಂದೆ, ವರ್ನೆಲ್ ಹಿಂದೆ. ಅದು ಅನ್ಯಾಯವಲ್ಲ, ರೂಢಿ. (ನಮ್ಮ ಕಂಪನಿಯವರೂ ಇದೇ ಮಾತು ಹೇಳುತ್ತಿದ್ದರು. ಆದರೆ ಅವರು ಬದ್ಮಾಶರು, ನಾನು ಗಂಡ.)

ಈ ಸಲ ಸ್ಪರ್ಧೆಗೆ ನಾಲ್ಕು ದಿನ ಇರುವಾಗ, ಬಾಣಲೆಯಲ್ಲಿ ಬೆಂಡೆಕಾಯಿ ಕರಿಯುತ್ತ ವರ್ನೆಲ್ ಅಂದಳು:

"ಶನಿವಾರ ಮುಂದೆ ನಾನ್ ನಿಂತ್ಕೋತೀನಿ."

"ಯಾಕೆ? ಹಿಂದೆ ಏನಾಗಿದೆ?"

"ಏನೂ ಆಗಿಲ್ಲ. ಇಪ್ಪತ್ತೆರಡು ವರ್ಷದಿಂದ ನಿನ್ ಬೆನ್ನೇ ನೋಡ್ತಿದೀನಿ. ಅದ್ರಲ್ಲಿ ನೋಡೋಕೆ ಇನ್ನೇನೂ ಉಳಿದಿಲ್ಲ."

"ದೋಣಿ ನಡೆಸೋದಂದ್ರೆ ಬೆಂಡೆಕಾಯಿ ಕರಿದ ಹಾಗಲ್ಲ ಕಣೇ!"

"ಹಾಗಾದ್ರೆ ಬಾ, ನೀನೇ ಕರಿ. ಸುಲಭದ ಕೆಲಸ ನೀನು ಮಾಡು, ಕಷ್ಟದ್ದು ನಾನು ಮಾಡ್ತೀನಿ."

ಕೂಗಾಡಿದೆ. ಮೇಜು ಗುದ್ದಿದೆ. ಅವಳು ಒಲೆ ಆರಿಸಿದಳು, ಅರ್ಧ ಬೆಂದ ಬೆಂಡೆಕಾಯಿಯನ್ನು ಹಾಗೇ ಬಿಟ್ಟಳು. ಹೊಟ್ಟೆಯ ಮೇಲೆ ಹೊಡೆಯುವುದು ಮಾಲೀಕರ ತಂತ್ರ. ಕೊನೆಗೆ ಸಂಧಾನವಾಯಿತು: ಗುರುವಾರ ಬೆಳಿಗ್ಗೆ ಇಬ್ಬರೂ ಅದೇ ಹಿನ್ನೀರಿಗೆ ಇಳಿಯುವುದು, ಯಾರು ದೊಡ್ಡ ಮೀನು ಹಿಡಿಯುತ್ತಾರೋ ಅವರು ಶನಿವಾರ ಮುಂದೆ.

ಮಾರನೆಯ ದಿನವೇ ದಾರ ಕೊಳ್ಳಲು ದೋಣಿಕಟ್ಟೆಯ ಹೋಯ್ಟ್‌ನ ಅಂಗಡಿಗೆ ಹೋದೆವು. ಹೋಯ್ಟ್ ನಮ್ಮ ಸಂಘದ ಹಳೆಯ ಕಾರ್ಯದರ್ಶಿ, ಈಗ ಎರೆಹುಳದ ವ್ಯಾಪಾರಿ. ಅವನ ಗೋಡೆ ನೋಡಿ ನನ್ನ ರಕ್ತ ಕುದಿಯಿತು. ಚಾವಣಿಯವರೆಗೆ ದಾರ! ದಪ್ಪದ್ದು, ಸಣ್ಣದ್ದು, ಹಸಿರು, ಹಳದಿ. ಒಂದು ಮೀನಿಗೆ ಮೋಸ ಮಾಡಲು ಮನುಷ್ಯನಿಗೆ ಇಷ್ಟು ಸಿದ್ಧತೆ ಬೇಕೇ? ನಮಗೆ ಮೋಸ ಮಾಡಲು ಕಂಪನಿಗೆ ಒಂದು ಹಾಳೆ ಸಾಕಾಗಿತ್ತು.

"ಇದು ನೈಲಾನು," ಅಂದ ಹೋಯ್ಟ್. "ಎಳೆದ್ರೆ ಹಿಗ್ಗುತ್ತೆ."

"ಹಿಗ್ಗೋದು, ಬಗ್ಗೋದು ನನಗಾಗಲ್ಲ. ಮುಂದೆ?"

"ಇದು ಫ್ಲೋರೋಕಾರ್ಬನ್. ನೀರಲ್ಲಿ ಮೀನಿನ ಕಣ್ಣಿಗೆ ಕಾಣಲ್ಲ."

"ಕಾಣದ ಹಾಗೆ ಬರೋನು ಮಾಲೀಕರ ಗೂಢಚಾರ! ನಾನು ಎದುರಿಗೇ ನಿಂತು ಹೊಡೆಯೋನು. ಮುಂದೆ?"

"ಹೆಣೆದ ದಾರ. ಎಂಟು ಎಳೆ ಸೇರಿಸಿ ಹೆಣೆದದ್ದು. ಹಿಗ್ಗಲ್ಲ, ಹರಿಯಲ್ಲ."

ಎಂಟು ಎಳೆ, ಒಂದೇ ಶಕ್ತಿ! ಸಂಘ ಅಂದರೆ ಇದೇ ಅಲ್ಲವೇ? ಕಣ್ಣು ತುಂಬಿ ಬಂತು. ಅರವತ್ತೈದು ಪೌಂಡು ತಾಳುವಂಥದ್ದನ್ನು ತಗೊಂಡೆ, ಜೊತೆಗೆ ನನ್ನ ಮುಷ್ಟಿಯಷ್ಟು ದೊಡ್ಡ ಕಪ್ಪು ರಬ್ಬರ್ ಕಪ್ಪೆ. ವರ್ನೆಲ್ ಅದೇ ಹೆಣೆದ ದಾರದಲ್ಲಿ ತೆಳುವಾದದ್ದು, ತುದಿಗೆ ಕಟ್ಟಲು ಕಾಣದ ದಾರ, ನೇರಳೆ ಬಣ್ಣದ ರಬ್ಬರ್ ಹುಳಗಳು ಇಷ್ಟನ್ನು ಆರಿಸಿದಳು. ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು, ಬೆರಳಲ್ಲಿ ಸವರಿ, ಮದುವೆ ಸೀರೆ ನೋಡುವವರ ಹಾಗೆ.

ಮನೆಗೆ ಬಂದು ದಾರ ಸುತ್ತಲು ಕೂತೆ. ನೋಡಿದ ವರ್ನೆಲ್ ಅಂದಳು:

"ಬರೀ ರೀಲಿಗೇ ಸುತ್ತಬೇಡ. ಹೆಣೆದ ದಾರ ನುಣುಪು, ಜಾರುತ್ತೆ. ಅಡೀಲಿ ಮೊದಲು ಹತ್ತು ಸುತ್ತು ನೈಲಾನ್ ಹಾಕು."

"ಅದು ನೀರಿಗೆ ಇಳಿಯುತ್ತಾ?"

"ಇಲ್ಲ. ಅಡೀಲೇ ಇರುತ್ತೆ."

"ಮೀನು ಎಳೆಯುತ್ತಾ?"

"ಇಲ್ಲ."

"ಕೆಲಸ ಮಾಡಲ್ಲ, ನೆನೆಯಲ್ಲ, ಬೇರೆಯವರ ಬೆವರಿನ ಕೆಳಗೆ ಬೆಚ್ಚಗೆ ಕೂತಿರುತ್ತೆ! ಅದಕ್ಕೆ ಮ್ಯಾನೇಜರು ಅಂತಾರೆ ಕಣೇ! ನನ್ನ ರೀಲಲ್ಲಿ ಸೋಮಾರಿಗೆ ಜಾಗ ಇಲ್ಲ!"

"ಸರಿ ಮುಖಂಡರೇ," ಅಂದಳು ವರ್ನೆಲ್. ಅವಳು ನನಗೆ ಬಹುವಚನ ಹಚ್ಚಿದರೆ ಅನಾಹುತ ಹತ್ತಿರದಲ್ಲಿದೆ ಎಂದರ್ಥ. "ತುದಿಗಾದ್ರೂ ಎರಡು ಮೊಳ ಕಾಣದ ದಾರ, ಅದೇ ಲೀಡರ್, ಕಟ್ಕೋ. ನಿನ್ ದಾರ ಹಗ್ಗದ ಹಾಗೆ ಕಾಣುತ್ತೆ."

"ಈ ದೋಣಿಗೆ ಲೀಡರು ನಾನೊಬ್ಬನೇ ಸಾಕು."

ಗುರುವಾರ ಬೆಳಿಗ್ಗೆ ಆರಕ್ಕೆ ಹಿನ್ನೀರಿಗೆ ಇಳಿದೆವು. ಪರೀಕ್ಷೆ ನ್ಯಾಯವಾಗಿರಲಿ ಎಂದು, ಇಬ್ಬರಿಗೂ ಮುಟ್ಟದ ನೀರು ಸಿಗುವ ಹಾಗೆ ದೋಣಿಯನ್ನು ಅಡ್ಡ ನಿಲ್ಲಿಸಿದ್ದೆವು. ಎಂಟು ಗಂಟೆಯೊಳಗೆ ವರ್ನೆಲ್ ಮೂರು ಮೀನು ಎತ್ತಿ, ತೂಗಿ, ಬಿಟ್ಟಿದ್ದಳು. ಒಂದೊಂದೂ ಎರಡು ಪೌಂಡು. ನನ್ನ ಕಪ್ಪೆ ತಾವರೆ ಎಲೆಗಳ ಮೇಲೆ ಕುಪ್ಪಳಿಸಿ ಕುಪ್ಪಳಿಸಿ ಸುಸ್ತಾಗಿತ್ತು.

ಆಗ ನೀರು ಬಾಯ್ತೆರೆಯಿತು. ಬಕೆಟ್ಟಿನಷ್ಟು ಬಾಯಿ! ಕಪ್ಪೆ ಮಾಯ. ಕೋಲು ಬಿಲ್ಲಾಯಿತು.

"ಬಿತ್ತು!" ಎಂದು ಕೂಗಿ ರೀಲಿನ ಹಿಡಿ ತಿರುಗಿಸಿದೆ. ಹಿಡಿ ತಿರುಗಿತು. ರೀಲು ತಿರುಗಿತು. ದಾರ ಮಾತ್ರ ಬರಲಿಲ್ಲ. ಇನ್ನೂ ಜೋರಾಗಿ ತಿರುಗಿಸಿದೆ. ಎಂಟು ಎಳೆಯ ಆ ಒಗ್ಗಟ್ಟು ಒಂದೇ ಮುದ್ದೆಯಾಗಿ ನಿಂತಲ್ಲೇ ನಿಂತಿತ್ತು, ಅದರೊಳಗೆ ನನ್ನ ರೀಲು ಎಣ್ಣೆ ಹಚ್ಚಿದ ಹಾಗೆ ಸುಯ್ಯನೆ ಸುತ್ತುತ್ತಿತ್ತು. ಮೀನು ಎಳೆದಷ್ಟು ದಾರ ಆಚೆಗೆ ಹೋಗುತ್ತಿತ್ತು, ನಾನು ಸುತ್ತಿದಷ್ಟು ಒಂದು ಗೇಣೂ ಈಚೆಗೆ ಬರುತ್ತಿರಲಿಲ್ಲ.

"ಏನ್ ಮಾಡ್ತಿದೀಯ?" ಅಂದಳು ವರ್ನೆಲ್.

"ಹೋರಾಡ್ತಿದೀನಿ!"

"ಕಾಣಿಸ್ತಿದೆ. ಹಿಡಿ ತಿರುಗಿಸಿ ತಿರುಗಿಸಿ ಐಸ್‌ಕ್ರೀಮ್ ಆದ್ರೂ ಆಯ್ತಾ?"

ಮೀನು ಮರದ ಬೊಡ್ಡೆಯ ಕಡೆ ತಿರುಗಿತು. ವರ್ನೆಲ್ ತನ್ನ ಕೋಲು ಬಿಸಾಡಿ, ಕೈಗೆ ಟವೆಲು ಸುತ್ತಿಕೊಂಡು, ನನ್ನ ದಾರ ಹಿಡಿದು ಬಾವಿಯಿಂದ ಕೊಡ ಸೇದುವ ಹಾಗೆ ಸೇದಿದಳು. ಕೆಳದುಟಿಗೆ ಹೆಬ್ಬೆರಳು ತುರುಕಿ ಆ ರಾಕ್ಷಸನನ್ನು ದೋಣಿಗೆ ಎತ್ತಿ ಹಾಕಿದಳು. ಏಳೂಕಾಲು ಪೌಂಡು. ನಾನು ಇನ್ನೂ ಹಿಡಿ ತಿರುಗಿಸುತ್ತಲೇ ಇದ್ದೆ.

"ನನ್ ಮೀನು," ಅಂದೆ.

"ನಿನ್ ಕಪ್ಪೆ," ಅಂದಳು.

ಜಗಳ ದಡಕ್ಕೆ ಬಂತು. ತೀರ್ಪು ಕೊಡಲು ಹೋಯ್ಟ್ ಎರೆಹುಳದ ಡಬ್ಬಿ ಕೆಳಗಿಟ್ಟ.

"ರೇಫರ್ಡ್, ಕೆಲಸ ಮಾಡಿದ ಕೈಗೇ ಫಲ ಸೇರಬೇಕು ಅಂತ ಇಪ್ಪತ್ತು ವರ್ಷ ಗೇಟಿನ ಮುಂದೆ ಭಾಷಣ ಮಾಡಿದೋನು ಯಾರು?"

"ನಾನು."

"ದಾರ ಎಳೆದ ಕೈ ಯಾರದ್ದು?"

ವರ್ನೆಲ್ ಕೈಗೆ ಸುತ್ತಿದ್ದ ಟವೆಲು ಬಿಚ್ಚಿ ಹಿಂಡಿದಳು.

"ನೀನು ಮೀನು ಹಿಡೀಲಿಲ್ಲಪ್ಪ. ಕಾಫಿ ಪುಡಿ ಬೀಸಿದೆ."

ಮೀನನ್ನು ವರ್ನೆಲ್ ಮುತ್ತಿಟ್ಟು ನೀರಿಗೆ ಬಿಟ್ಟಳು. ಶನಿವಾರ ಅವಳು ಮುಂದೆ, ನಾನು ಹಿಂದೆ. ಎಂಟು ಗಂಟೆ ಕಾಲ ಎಂಜಲು ನೀರಿಗೆ ಗಾಳ ಹಾಕಿದೆ. ಬಿಸಿಲು ನನಗೆ, ನೆರಳು ಅವಳಿಗೆ. ಅವಳು ಕೋಲು ಬೀಸಿದಾಗಲೆಲ್ಲ ನನ್ನ ಟೋಪಿ ಹಾರುತ್ತಿತ್ತು. "ಸ್ವಲ್ಪ ತಗ್ಗು" ಅನ್ನುತ್ತಿದ್ದಳು, ಹಿಂದಿರುಗಿಯೂ ನೋಡದೆ. ಐದು ಮೀನು ಹಿಡಿದಳು, ಮೊದಲ ಬಹುಮಾನ ಗೆದ್ದಳು. ಹೋಯ್ಟ್ ಧ್ವನಿವರ್ಧಕದಲ್ಲಿ ಸಾರಿದ: "ವರ್ನೆಲ್ ಮತ್ತು ಜೊತೆಗಾರ!"

ಜೊತೆಗಾರ!

ರಾತ್ರಿ ಊಟಕ್ಕೆ ಕೂತಾಗ ನ್ಯಾಯವಾದ ಬೇಡಿಕೆ ಇಟ್ಟೆ: ಗಂಟೆಗೊಬ್ಬರು ಸರದಿಯ ಮೇಲೆ ಮುಂದೆ ನಿಲ್ಲಬೇಕು. "ಬರೆದು ಕೊಡಿ, ಪರಿಶೀಲಿಸ್ತೀನಿ," ಅಂದಳು ದೋಣಿಯ ಹೊಸ ಮಾಲಕಿ. "ಒಬ್ಬರದ್ದೇ ಸಹಿ ಇದ್ರೆ ಕಸದ ಬುಟ್ಟಿಗೆ."

ಬರೆದಿದ್ದೇನೆ. ಬೀದಿಯ ಗಂಡಸರ ಮನೆಗಳಿಗೆಲ್ಲ ಹೋಗಿ ಬಂದೆ. ನನ್ನ ಜೊತೆ ಲಾಠಿ ಏಟು ತಿಂದವರು, ಪೊಲೀಸರ ವ್ಯಾನಿನಲ್ಲಿ ಹಾಡು ಹೇಳಿದವರು. ಹಾಳೆ ಇನ್ನೂ ಬೆಳ್ಳಗಿದೆ. ಆದ್ದರಿಂದ ಓದುಗ ಮಹಾಶಯರೇ, ನಿಮ್ಮ ಹತ್ತಿರ ಬಂದಿದ್ದೇನೆ. ಪೆನ್ನು ತೆಗೆಯಿರಿ, ಇಲ್ಲಿ ಸಹಿ ಹಾಕಿ, ಈಗಲೇ. "ಮನೆಯಲ್ಲಿ ಒಂದು ಮಾತು ಕೇಳಿಕೊಂಡು ಬರುತ್ತೇನೆ" ಅಂತ ಮಾತ್ರ ಅನ್ನಬೇಡಿ. ಆ ಮಾತನ್ನು ಹದಿನಾಲ್ಕು ಜನ ಆಗಲೇ ಹೇಳಿದ್ದಾರೆ.