ಕಾಕಾ ಹೇಳಿದ ಹವಾ

ನಮ್ಮ ಕಾಕಾನಷ್ಟು ನಂಬಿಕಸ್ಥ ಹವಾಮಾನ ತಜ್ಞರು ಇಡೀ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಬ್ಬರಿಲ್ಲ. ಅವರು ಬಿಸಿಲು ಎಂದರೆ ನಾವು ಕಣ್ಣು ಮುಚ್ಚಿಕೊಂಡು ಕೊಡೆ ತೆಗೆದುಕೊಳ್ಳುತ್ತೇವೆ. ಮಳೆ ಎಂದರೆ ಒಗೆದ ಬಟ್ಟೆಯನ್ನು ಹಿತ್ತಲಲ್ಲಿ ಹರವುತ್ತೇವೆ. ಟೀವಿಯವರು ಒಮ್ಮೊಮ್ಮೆ ಸರಿಯಾಗಿ ಹೇಳಿ ಕೈಕೊಡುವುದುಂಟು. ಕಾಕಾ ಹತ್ತು ವರ್ಷದಲ್ಲಿ ಒಂದು ಸಲವೂ ಹಾಗೆ ಮಾಡಿದವರಲ್ಲ. ಸುಮ್ಮನೆ ಬಾಯಿಗೆ ಬಂದದ್ದು ಹೇಳುವವನದೂ ಅರ್ಧದಷ್ಟು ಸಲ ಸರಿಯಾಗುತ್ತದೆ. ಪ್ರತಿ ಸಲವೂ ತಪ್ಪಬೇಕಾದರೆ ಅದಕ್ಕೆ ಎಷ್ಟು ಸಾಧನೆ ಬೇಕು, ನೀವೇ ಹೇಳಿ!

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ಧಾರವಾಡದವರು. ಅಪ್ಪ ಬೆಂಗಳೂರಿಗೆ ಬಂದು ಎರಡೇ ವರ್ಷದಲ್ಲಿ ಬೆಂಗಳೂರಿನವರಾದರು. ಕಾಕಾ ಅಮೆರಿಕಕ್ಕೆ ಬಂದು ನಲವತ್ತು ವರ್ಷವಾದರೂ ಧಾರವಾಡದವರಾಗಿಯೇ ಉಳಿದರು. ಅವರಿಗೆ ಕೆಲಸ ಇದ್ದದ್ದು ದೊಡ್ಡ ಆಫೀಸುಗಳಿಗೆ ಏಸಿ ಕೂರಿಸುವ ಕಂಪನಿಯಲ್ಲಿ. ಅಂದರೆ ಮೂವತ್ತು ವರ್ಷ ಕಟ್ಟಡಗಳ ಒಳಗಿನ ಹವೆ ಅವರ ಕೈಯಲ್ಲಿತ್ತು. ಜುಲೈ ತಿಂಗಳಲ್ಲಿ ಸ್ವೆಟರು ಹಾಕಿಕೊಂಡು ಮೀಟಿಂಗಿನಲ್ಲಿ ಕೂರುವ ಈ ಊರಿನ ಜನ ಯಾರನ್ನು ನೆನೆಯಬೇಕು ಎಂಬುದು ನನಗೆ ಗೊತ್ತು. ರಿಟೈರ್ ಆದ ಮೇಲೆ ಅವರು ಹೊರಗಿನ ಹವೆಯನ್ನೂ ವಹಿಸಿಕೊಂಡರು.

ಅದಕ್ಕೆ ತಕ್ಕ ಊರನ್ನೇ ಆರಿಸಿಕೊಂಡರು. ಲಾಸ್ ಗ್ಯಾಟೋಸ್ ದಾಟಿ, ಫ್ರೀವೇ ಬಿಟ್ಟು, ಹೊಟ್ಟೆ ತೊಳಸುವಷ್ಟು ತಿರುವುಗಳಿರುವ ರಸ್ತೆಯಲ್ಲಿ ಬೆಟ್ಟ ಹತ್ತಿದರೆ ಒಂದು ಪೋಸ್ಟಾಫೀಸು, ಒಂದು ಕಾಫಿ ಅಂಗಡಿ, ಒಂದು ಫೈರ್ ಸ್ಟೇಷನ್ನು ಸಿಗುತ್ತವೆ. ಅದೇ ಊರು. ಉಳಿದದ್ದೆಲ್ಲ ರೆಡ್‌ವುಡ್ ಮರ. ಬೆಟ್ಟದ ಈಚೆಗೆ ನಮ್ಮ ಸ್ಯಾನ್ ಹೊಸೆ, ಆಚೆಗೆ ಸಮುದ್ರ. ಕಾಕಾನ ಮನೆ ಸಮುದ್ರದ ಕಡೆಯ ಇಳಿಜಾರಿನಲ್ಲಿದೆ. ಫೆಬ್ರವರಿಯ ಕೊನೆಗೆ ಕೆಳಗೆ ನಮ್ಮ ಬೀದಿಯಲ್ಲಿ ಪ್ಲಮ್ ಮರಗಳು ಹೂಬಿಟ್ಟು, ಜನ ಚಡ್ಡಿ ಹಾಕಿಕೊಂಡು ನಾಯಿ ಅಡ್ಡಾಡಿಸುತ್ತಿರುತ್ತಾರೆ. ಅದೇ ಹೊತ್ತಿಗೆ ಮೇಲೆ ಅವರ ಮನೆಯಲ್ಲಿ ಗಾಳಿ ಬೀಸಿ, ಮರ ಬಿದ್ದು, ಕರೆಂಟು ಹೋಗಿರುತ್ತದೆ. ಇನ್ನೊಂದು ಗಂಟೆ ಬಿಟ್ಟರೆ ಅಲ್ಲಿ ಬಿಸಿಲು, ಇಲ್ಲಿ ಮಂಜು. ಇಂಥ ಜಾಗದಲ್ಲಿ ದೇವರೂ ಮುಂಚಿತವಾಗಿ ಏನನ್ನೂ ಹೇಳಲಾರ. ಕಾಕಾ ಹೇಳುತ್ತಾರೆ. ದಿನಾ ಬೆಳಿಗ್ಗೆ ಆರಕ್ಕೆ ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಅವರ ವರದಿ ಬೀಳುತ್ತದೆ.

ವರದಿಗೆ ಅವರದೇ ಉಪಕರಣಗಳಿವೆ. ಒಂದು, ಡೆಕ್ಕಿನ ಮೇಲೆ ಒಣಹಾಕಿದ ಧೋತ್ರ. ಎರಡು, ಅವರ ಬಲ ಮೊಣಕಾಲು. ಮೂರನೆಯದು, ಮನೆಯ ಮೆಟ್ಟಿಲಿನ ಮೇಲೆ ಓಡಾಡುವ ಗೇಣುದ್ದದ ಹಳದಿ ಬಸವನಹುಳು. ಆ ಕಾಡಿನಲ್ಲಿ ಅವು ಬೇಕಾದಷ್ಟಿವೆ, ಬೆನ್ನ ಮೇಲೆ ಚಿಪ್ಪೂ ಇರುವುದಿಲ್ಲ. ಹುಳು ಮೇಲಕ್ಕೆ ಹತ್ತುತ್ತಿದ್ದರೆ ಮಳೆ, ಕೆಳಕ್ಕೆ ಇಳಿಯುತ್ತಿದ್ದರೆ ಬಿಸಿಲು. "ಅದು ಸುಮ್ಮನೆ ಕೂತಿದ್ರೆ ಏನು ಕಾಕಾ?" ಎಂದು ಒಮ್ಮೆ ಕೇಳಿದೆ. "ವಿಚಾರ ಮಾಡ್ಲಿಕ್ಕೆ ಹತ್ತೇದ. ಸ್ವಲ್ಪ ತಡಿ," ಎಂದರು.

ತಪ್ಪಿದಾಗ ಒಪ್ಪಿಕೊಳ್ಳುವವರಾದರೂ ಹೌದೇ? ಒಂದು ವರ್ಷ ಶಿವರಾತ್ರಿಯ ವಾರದಲ್ಲಿ, "ಇಲ್ಲೆ ಹಿಮಾ ಬೀಳೂದು ಸಾಧ್ಯನ ಇಲ್ಲ," ಎಂದು ವರದಿ ಬಂತು. ಒಂಬತ್ತು ಗಂಟೆಗೆ ಅವರ ಕಾರಿನ ಮೇಲೆ ಅರ್ಧ ಅಡಿ ಹಿಮ. ಕಾಕು, ಎಂದರೆ ಕಾಕಾನ ಹೆಂಡತಿ, ಫೋಟೋ ತೆಗೆದು ನನಗೆ ಕಳಿಸಿದರು. ನಾನು ಬಿಡುತ್ತೇನೆಯೇ? ಫೋನು ಮಾಡಿ, "ಇದೇನು ಕಾಕಾ?" ಎಂದೆ. ಅವರು ನಿಧಾನವಾಗಿ ಹೇಳಿದರು, "ಆಣಿಕಲ್ಲ ಮಳಿ. ಕಲ್ಲ ಸ್ವಲ್ಪ ಮೆತ್ತಗವ, ಅಷ್ಟ."

ಆದರೆ ಇವೆಲ್ಲ ಚಿಲ್ಲರೆ. ಅವರ ವಿದ್ಯೆಯ ಪೂರ್ಣ ಪ್ರಭೆ ಕಾಣಬೇಕಾದರೆ ಸಂಡಿಗೆಯ ದಿನ ಬರಬೇಕು. ಶಿವರಾತ್ರಿಗೆ ಚಳಿ ಶಿವ ಶಿವ ಎನ್ನುತ್ತ ಹೋಗುತ್ತದೆ ಎಂದು ಗಾದೆಯಿದೆಯಲ್ಲ, ಅದನ್ನು ಕಾಕಾ ಚಿಕ್ಕಂದಿನಲ್ಲಿ ಕಲಿತರು, ನಂಬಿದರು, ವಿಮಾನದಲ್ಲಿ ಜೊತೆಗೇ ತಂದರು. ಹಾಗಾಗಿ ಶಿವರಾತ್ರಿ ಕಳೆದ ಮೊದಲ ಶನಿವಾರ ಅವರ ಡೆಕ್ಕಿನ ಮೇಲೆ ಸಾಬುದಾಣಿ ಸಂಡಿಗೆ ಹಾಕಬೇಕು. ಧಾರವಾಡದಲ್ಲಿ ಆ ಹೊತ್ತಿಗೆ ಮಾಳಿಗೆ ಕಾದಿರುತ್ತದೆ, ನಿಜ. ಇಲ್ಲಿಯ ಚಳಿಗೆ ಪಂಚಾಂಗ ಓದಲು ಬರುವುದಿಲ್ಲ. ಶಿವರಾತ್ರಿ ಎಂದರೆ ಈ ಬೆಟ್ಟಕ್ಕೆ ನಟ್ಟನಡು ಮಳೆಗಾಲ.

"ಕಾಕಾ, ಜೂನಿಂದ ಸೆಪ್ಟೆಂಬರ್ ತನಕ ಇಲ್ಲಿ ಹನಿ ಮಳೆ ಬರಲ್ಲ. ಜುಲೈನಲ್ಲಿ ಮಾಡೋಣ," ಎಂದೆ ಒಂದು ವರ್ಷ.

"ಆಷಾಢದಾಗ ಯಾರರೆ ಸಂಡಿಗಿ ಹಾಕ್ತಾರೇನು? ತಲಿ ಕೆಟ್ಟದೇನು ನಿನಗ?"

ಹೀಗಾಗಿ ಪ್ರತಿ ವರ್ಷ ನಾವು ಮೂರು ಕಾರು ಜನ ಬೆಟ್ಟ ಹತ್ತುತ್ತೇವೆ. ಕಾಕು ಬೆಳಗಿನ ಜಾವವೇ ಹಿಟ್ಟು ಕುದಿಸಿಟ್ಟಿರುತ್ತಾರೆ. ಧೋತ್ರ ಹಾಸಿ, ಸೌಟಿನಿಂದ ಸಂಡಿಗೆ ಹಾಕುತ್ತೇವೆ. ಕೊನೆಯ ಸೌಟು ಬೀಳುವುದಕ್ಕೂ ಮೊದಲ ಹನಿ ಬೀಳುವುದಕ್ಕೂ ಸರಿಹೋಗುತ್ತದೆ. ಹಿಂದಿನ ವರ್ಷ ಧೋತ್ರವನ್ನು ನಾಲ್ಕು ಮೂಲೆ ಹಿಡಿದು ಒಳಗೆ ತಂದು, ಸೋಫಾದ ಮೇಲೆ ಹರವಿ, ಎರಡು ಹೇರ್ ಡ್ರೈಯರ್ ಹಿಡಿದು ಕೂತೆವು. ಆಗ ಕರೆಂಟು ಹೋಯಿತು. ನನ್ನ ಮಗಳು ಧೋತ್ರದೊಳಗೆ ಇಣುಕಿ ನೋಡಿ, "ಅಜ್ಜಾ, ಇಟ್ಸ್ ಸೂಪ್ ನೌ," ಎಂದಳು. ಕಾಕಾ ಅವಳ ತಲೆ ಸವರಿ, "ಮುಂದಿನ ವರ್ಷ ನೋಡವಾ," ಎಂದರು.

ಮುಂದಿನ ವರ್ಷ, ಎಂದರೆ ಈ ವರ್ಷ, ತಮಾಷೆ ಸ್ವಲ್ಪ ಕೆಟ್ಟಿತು. ಜನವರಿಯ ಕೊನೆಗೆ ಒಂದು ಬೆಳಿಗ್ಗೆ ವರದಿ ಬಂತು: "ಬಿಸಲ. ಮೆಟ್ಟಲಾ ಎಲ್ಲಾ ಒಣಗ್ಯಾವ." ರಸ್ತೆಯಿಂದ ಅವರ ಮನೆಗೆ ಇಪ್ಪತ್ತೆರಡು ಮರದ ಮೆಟ್ಟಿಲು. ಕಾಕು ಟಪಾಲು ತರಲು ಇಳಿದರು. ನಾಲ್ಕನೆಯ ಮೆಟ್ಟಿಲಿನ ಮೇಲೆ ಕಣ್ಣಿಗೆ ಕಾಣದಂತೆ ತೆಳುವಾಗಿ ನೀರು ಹೆಪ್ಪುಗಟ್ಟಿತ್ತು. ಸೊಂಟದ ಮೂಳೆ ಮುರಿದು ಆಪರೇಷನ್ ಆಯಿತು.

ಕಾಕಾನನ್ನು ಯಾರೂ ಏನೂ ಅನ್ನಲಿಲ್ಲ. ನಾನು ಅಂದೆ. ಆಸ್ಪತ್ರೆಯ ಕಾರಿಡಾರಿನಲ್ಲಿ, "ಕಾಕಾ, ದಯವಿಟ್ಟು ಇನ್ನು ಆ ವರದಿ ಹಾಕಬೇಡಿ," ಎಂದುಬಿಟ್ಟೆ. ಅವರು ಧೋತ್ರದ, ಮೊಣಕಾಲಿನ, ಹುಳುವಿನ ಮಾತೆತ್ತುತ್ತಾರೆಂದು ಕಾದೆ. ಅವರು ಬರೀ ತಲೆಯಾಡಿಸಿದರು. ಮರುದಿನ ಆರು ಗಂಟೆಗೆ ಫೋನು ಸುಮ್ಮನಿತ್ತು. ಅದರ ಮರುದಿನವೂ ಇತ್ತು. ಅದು ಇಷ್ಟು ಕೆಟ್ಟದಾಗಿ ಕೇಳಿಸುತ್ತದೆಂದು ನನಗೆ ಗೊತ್ತಿರಲಿಲ್ಲ.

ಡಾಕ್ಟರು ಆರು ವಾರ ಮೆಟ್ಟಿಲು ಹತ್ತಕೂಡದು, ಇನ್ನೊಮ್ಮೆ ಬಿದ್ದರೆ ಮತ್ತೆ ನಡೆಯುವುದು ಕಷ್ಟ ಎಂದರು. ನಮ್ಮದು ಒಂದೇ ಅಂತಸ್ತಿನ ಮನೆಯಾದ್ದರಿಂದ ಕಾಕು ನಮ್ಮಲ್ಲಿಗೆ ಬಂದರು. ಕಾಕಾ ಬರಲಿಲ್ಲ. "ಜನರೇಟರ್ ನೋಡ್ಕೊಳ್ಳವ್ರು ಯಾರು?" ಎಂದರು. ಹೆಂಡತಿಗಿಂತ ಜನರೇಟರ್ ಹೆಚ್ಚಾಯಿತಲ್ಲ ಎಂದು ನಾನು ಒಳಗೊಳಗೇ ಕುದಿದೆ.

ಕಾಕುವನ್ನು ಹಿಡಿದಿಡುವುದು ಸುಲಭವಲ್ಲ. ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕಲು ಬಂದ ದಿನದಿಂದಲೇ ಅವರ ಒಂದೇ ಜಪ: "ಶಿವರಾತ್ರಿ ಆಗಲಿ, ನಾ ಹೋಗಾಕಿ. ಹಿಟ್ಟ ನಾ ಕುದಸ್ಲಿಲ್ಲ ಅಂದ್ರ ಸಂಡಿಗಿ ಆಗ್ತಾವೇನು?" ಡಾಕ್ಟರು ಹೇಳಿದ ಗಡುವಿಗೆ ಇನ್ನೂ ಮೂರು ವಾರವಿದೆ ಎಂದರೆ, "ಅವರಿಗೇನ ಗೊತ್ತು ಸಂಡಿಗಿ ಸುದ್ದಿ?" ಎನ್ನುವರು. ಶಿವರಾತ್ರಿಯ ಸಂಜೆ ಬ್ಯಾಗು ತುಂಬಿ ಬಾಗಿಲ ಹತ್ತಿರ ಇಡಿಸಿಯೂ ಬಿಟ್ಟರು. ಶನಿವಾರ ಬೆಟ್ಟ ಹತ್ತುವುದೇ ಎಂದರು. ಆ ಇಪ್ಪತ್ತೆರಡು ಮೆಟ್ಟಿಲು ನೆನೆದು ನನಗೆ ನಿದ್ದೆ ಹತ್ತಲಿಲ್ಲ.

ಮರುದಿನ ಬೆಳಿಗ್ಗೆ ಆರಕ್ಕೆ ಫೋನು ಟಿಂಗ್ ಎಂದಿತು. ಮೂರು ವಾರದ ಮೇಲೆ ಮೊದಲ ವರದಿ: "ಭಾರಿ ಮಂಜು. ಮಳಿ. ಮೆಟ್ಟಲಾ ಹಸಿ ಅವ. ಯಾರೂ ಬರಬ್ಯಾಡ್ರಿ. ಸಂಡಿಗಿ ಮುಂದಕ್ಕ ಹಾಕೇದ."

ಗುಂಪಿನಲ್ಲಿ ಗದ್ದಲವೋ ಗದ್ದಲ. ಫಾಸ್ಟರ್ ಸಿಟಿಯ ನನ್ನ ತಮ್ಮ, "ಕಾಕಾ ಮಳೆ ಅಂದ್ರು, ಎಲ್ರೂ ಸನ್‌ಸ್ಕ್ರೀನ್ ಹಚ್ಕೊಳ್ಳಿ," ಎಂದು ಬರೆದ. ಕಾಕು ಮಾತ್ರ ವರದಿಯನ್ನು ಎರಡು ಸಲ ಓದಿಸಿಕೊಂಡು ಕೇಳಿ, "ಬ್ಯಾಗ ಒಳಗಿಡು," ಎಂದರು. ಮರುದಿನವೂ ಮಂಜು. ಅದರ ಮರುದಿನ ಮಂಜು ಮತ್ತು ಗಾಳಿ. ಹೀಗೆ ಒಂದು ವಾರಕ್ಕೂ ಮೇಲೆ ನಡೆಯಿತು. ಹತ್ತು ವರ್ಷದ ಅನುಭವವಿದ್ದ ನನಗೆ ಆಗಲೇ ಅನುಮಾನ ಬರಬೇಕಿತ್ತು.

ಮುಂದಿನ ಶನಿವಾರ ಕಾಕು ರೊಟ್ಟಿ, ಪಲ್ಯ ಕಟ್ಟಿಸಿ ಕೊಟ್ಟರು. ನಾನು ರೇನ್‌ಕೋಟು, ಬೂಟು, ಟಾರ್ಚು ಎಲ್ಲ ಹಾಕಿಕೊಂಡು ಹೊರಟೆ. ಕೊನೆಯ ತಿರುವು ಕಳೆದರೆ ಏನಿದೆ! ಆಕಾಶದಲ್ಲಿ ಹತ್ತಿಯಷ್ಟೂ ಮೋಡವಿಲ್ಲ. ದೂರದಲ್ಲಿ ಸಮುದ್ರ ಹೊಳೆಯುತ್ತಿತ್ತು. ಇಪ್ಪತ್ತೆರಡೂ ಮೆಟ್ಟಿಲುಗಳ ಪಾಚಿ ಕೆರೆದು, ಮೇಲೆ ಜಾರದಂತೆ ಒರಟು ಪಟ್ಟಿ ಅಂಟಿಸಿ, ಎರಡೂ ಕಡೆ ಹೊಸ ಕಟಾಂಜನ ಹೊಡೆದಿತ್ತು. ಜನರೇಟರ್ ನೋಡಿಕೊಳ್ಳುವುದು ಎಂದರೆ ಇದು ಎಂದು ಆಗ ತಿಳಿಯಿತು. ಡೆಕ್ಕಿನ ಮೇಲೆ ಬಿಳಿ ಧೋತ್ರ, ಅದರ ತುಂಬ ಸಂಡಿಗೆ. ಕಾಕಾ ಕುಕ್ಕರುಗಾಲಿನಲ್ಲಿ ಕೂತು ಇನ್ನೊಂದು ಧೋತ್ರ ಹಾಸುತ್ತಿದ್ದರು.

"ಮಂಜೆಲ್ಲಿ ಕಾಕಾ?"

"ಬೂಟ ಅಲ್ಲೆ ಬಿಟ್ಟ ಬಾ," ಎಂದು ಕೋಟು ಬಿಚ್ಚಲೂ ಬಿಡದೆ ಸೌಟು ಕೈಗೆ ಕೊಟ್ಟರು.

"ಈ ಸಲವೂ ತಪ್ಪಿದ್ರಲ್ಲ."

"ತಪ್ಪಿಲ್ಲ. ದಿನಾ ಎದ್ದು ನೋಡತೀನಿ, ಬಿಸಲ ಇರ್ತದ. ಮಂಜು ಅಂತ ಬರೀತೀನಿ." ಸ್ವಲ್ಪ ಹೊತ್ತು ಸಂಡಿಗೆ ಹಾಕಿದರು. "ಬಿಸಲದ ಅಂದ್ರ ಆಕಿ ನಿಂದರತಾಳೇನು? ಒಂದ ಸಲ ಬಿಸಲದ ಅಂತ ಹೇಳಿ ಆಕೀನ್ನ ಕೆಡವೀನಿ. ಸಾಕದು."

ಅಷ್ಟರಲ್ಲಿ ಅವರಿಗೆ ಫೋನು ಬಂತು. ಕಾಕು. "ಹೆಂಗದ್ರಿ ಹವಾ?" ಎಂಬುದು ನನಗೂ ಕೇಳಿಸಿತು. ಕಾಕಾ ಬಿಸಿಲಿಗೆ ಒಂದು ಕೈ ಹಣೆಗೆ ಅಡ್ಡ ಹಿಡಿದು, ಕಣ್ಣು ಕಿರಿದು ಮಾಡಿ, "ಏನ ಕೇಳ್ತಿ. ಎದರಿಗಿನ ಗಿಡಾನೂ ಕಾಣವಲ್ದು," ಎಂದರು.

ಎರಡು ತಾಸು ಸಂಡಿಗೆ ಹಾಕಿದೆವು. ಕೆಲವು ಗುಂಡಿಯಷ್ಟಿದ್ದವು, ಕೆಲವು ದೋಸೆಯಷ್ಟು. "ಆಕೀಗೆ ಹೇಳಬ್ಯಾಡ ಮತ್ತ," ಎಂದು ಕಾಕಾ ಕಾರಿನ ತನಕ ಬಂದು ಹೇಳಿದರು.

ನಾಟಕ ಪೂರ್ತಿಯಾಗಲೆಂದು ರೇನ್‌ಕೋಟು ಬಿಚ್ಚದೆಯೇ ನಮ್ಮ ಮನೆಯೊಳಗೆ ಹೋದೆ. ಕಾಕು ಅಡುಗೆಮನೆಯ ಕಿಟಕಿಯ ಹತ್ತಿರ ಕೂತಿದ್ದರು. "ಭಾಳ ಮಂಜದೇನು?" ಎಂದರು.

"ವಿಪರೀತ ಕಾಕು. ರಸ್ತೇನೇ ಕಾಣಲ್ಲ."

ಅವರು ನನ್ನ ತೋಳು ಹಿಡಿದು ಹತ್ತಿರ ಎಳೆದುಕೊಂಡರು. ಕೋಟಿನ ತೋಳಿನ ಮೇಲೆ ಒಂದು ತೊಟ್ಟು ಸಂಡಿಗೆ ಹಿಟ್ಟು ಬಿದ್ದು, ಗರಿಗರಿಯಾಗಿ ಒಣಗಿ ಕೂತಿತ್ತು. ಅದನ್ನು ಉಗುರಿನಿಂದ ಬಿಡಿಸಿ ಬಾಯಿಗೆ ಹಾಕಿಕೊಂಡರು.

"ಉಪ್ಪು ಹೆಚ್ಚಾಗೇದ," ಎಂದರು.

ನಾನು ಕುರ್ಚಿ ಎಳೆದುಕೊಂಡು ಕೂತೆ. "ಯಾವಾಗಿಂದ ಗೊತ್ತು ಕಾಕು?"

"ಮೊದಲ್ನೇ ದಿವಸನ. ಸಂಡಿಗಿ ಮುಂದಕ್ಕ ಹಾಕೂ ಮನುಷ್ಯಾ ಏನ ಅವರು?"

"ಮತ್ತೆ ನೀವ್ಯಾಕೆ ಹೋಗ್ತೀನಿ ಅಂತ ಹಟ ಮಾಡ್ಲಿಲ್ಲ?"

ಕಾಕು ಸೆರಗಿನಿಂದ ಬಾಯಿ ಒರೆಸಿಕೊಂಡರು. "ನಾ ಹೋದ್ರ ಅವರ ವರದಿ ಸುಳ್ಳಾಗ್ತದಲ್ಲ. ಪಾಪ, ದವಾಖಾನ್ಯಾಗ ಎಂಟು ದಿನ ಅವರು ತಲಿ ಎತ್ತಿ ನನ್ನ ಮಾರಿ ನೋಡಿದ್ದಿಲ್ಲ."

ನನಗೆ ಅಳು ಬಂತು. ಎದ್ದು ಹೋಗಿ ನಲ್ಲಿ ತಿರುಗಿಸಿ, ತೊಳೆದ ಲೋಟವನ್ನೇ ಮತ್ತೆ ತೊಳೆದೆ.

ಮರುದಿನ ಬೆಳಿಗ್ಗೆ ಆರಕ್ಕೆ ವರದಿ ಬಂತು: "ಮಂಜು ಇನ್ನೂ ಅದ. ಯಾರೂ ಬರಬ್ಯಾಡ್ರಿ." ಎಂಟರ ಹೊತ್ತಿಗೆ ಅದರ ಕೆಳಗೆ, ಆ ಗುಂಪಿನಲ್ಲಿ ಈ ತನಕ ಒಂದಕ್ಷರವನ್ನೂ ಬರೆಯದಿದ್ದ ಕಾಕು, ನನ್ನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದೇ ಅಕ್ಷರ ಒತ್ತಿ ಬರೆದರು:

"ನಿಮ್ಮ ವರದಿ ಖರೇ ಅದ."

ಆಗ ನಮ್ಮ ಕಿಟಕಿಯಿಂದ ಇಡೀ ಬೆಟ್ಟದ ಸಾಲು, ತುದಿಯಿಂದ ತುದಿಯವರೆಗೆ, ಬಿಸಿಲಿನಲ್ಲಿ ಕಾಣುತ್ತಿತ್ತು.