ಬಾಗೇವಾಡಿಯಲ್ಲಿ ಜಾಜ್

ತುತ್ತೂರಿ ಊದುವಾಗ ಕಣ್ಣು ಮುಚ್ಚುವ ಚಟವೊಂದಿಲ್ಲದಿದ್ದರೆ ಸಿಂದಗಿಯ ಇಸಾಕ ಮಾಸ್ತರರ ಬಾಳು ಸುಸೂತ್ರವಾಗಿ ಸಾಗುತ್ತಿತ್ತು. ಯೌವನದಲ್ಲಿ ಅವರು ಮುಂಬಯಿಯ ಹೋಟೆಲೊಂದರ ಜಾಜ್ ವಾದ್ಯವೃಂದದ ನಾಯಕರು. ಮಬ್ಬು ದೀಪದ ಕೆಳಗೆ ಅವರು ಕಣ್ಣು ಮುಚ್ಚಿದರೆ ಸಭೆಯೇ ಉಸಿರು ಬಿಗಿಹಿಡಿಯುತ್ತಿತ್ತು. ಕಾಲಗತಿಯಲ್ಲಿ ಹೋಟೆಲಿಗೆ ಜಾಜ್ ಬೇಡವಾಯಿತು. ಶಾಪಗ್ರಸ್ತ ಗಂಧರ್ವನಂತೆ ಮಾಸ್ತರರು ಊರಿಗಿಳಿದು ಮದುವೆಯ ಬ್ಯಾಂಡು ಕಟ್ಟಿದರು. ಈ ಸೀಮೆಯ ಜನ ಒಮ್ಮೆಯಾದರೂ ತಮ್ಮ ಜಾಜನ್ನು ಪೂರ್ತಿ ಕೇಳಬೇಕೆಂಬುದೊಂದೇ ಅವರ ಆಸೆ.

ಎಪ್ಪತ್ತನಾಲ್ಕರ ವೈಶಾಖ. ಬಸವನ ಬಾಗೇವಾಡಿಯಲ್ಲಿ ಮದುವೆ. ವರನ ತಂದೆ, ಹೊರ್ತಿಯ ಬಸಂತರಾಯಗೌಡರು ಮೊದಲೇ ತಾಕೀತು ಮಾಡಿದರು:

"ಮಾಸ್ತರ್ರ, ಸಿನಿಮಾ ಹಾಡಷ್ಟ ಬಾರಸ್ರಿ. ನಿಮ್ಮ ಮುಂಬೈ ರಾಗ ತಗದ್ರಿ ಅಂದ್ರ ನಮ್ಮ ಬಳಗದ ಒಂದ ಮದಿವಿಗೂ ಕರಿಯೂದಿಲ್ಲ!"

"ಇಲ್ರೀ ಗೌಡ್ರ, ಆಣಿ ಮಾಡ್ತೇನಿ."

ಮೆರವಣಿಗೆ ಹೊರಟಿತು. ಆ ಓಣಿಯಲ್ಲಿ ಮನೆಗೊಬ್ಬಳು ವರನ ಸೋದರತ್ತೆ; ಪ್ರತಿಯೊಬ್ಬಳೂ ಕುದುರೆ ನಿಲ್ಲಿಸಿ ಆರತಿ ಬೆಳಗಿದಳು. ಬ್ಯಾಂಡು ಮಾತ್ರ ನಿಲ್ಲುವಂತಿಲ್ಲ.

"ಹಾಡ ಮುಗದೂವ್ರಿ," ಎಂದ ಡೋಲಿನ ದಸ್ತಗೀರಸಾಬ.

"ಹಂಗಾರ ನಂದೊಂದು… ಸಣ್ಣದು."

"ಕಣ್ಣ ಮುಚ್ಚಬ್ಯಾಡ್ರಿ ಮತ್ತ!"

ಮುಚ್ಚಿಯೇಬಿಟ್ಟರು. ನಾಯಕ ನಡೆದತ್ತ ನಡೆಯುವುದು ಬ್ಯಾಂಡಿನ ಧರ್ಮ. ಕುದುರೆ ಆರತಿಯ ಮುಂದೆಯೇ ಉಳಿಯಿತು. ಬ್ಯಾಂಡು ಮೂಲೆ ತಿರುಗಿತು. ಅಲ್ಲಿ ಪಕ್ಕದ ಓಣಿಯಿಂದ ಬಂದ ಇನ್ನೊಂದು ಮೆರವಣಿಗೆ ಬೆನ್ನಿಗೆ ಕೂಡಿಕೊಂಡಿತು. ದಸ್ತಗೀರಸಾಬ ಮೊಣಕೈಯಿಂದ ತಿವಿದ. ಹುರಿದುಂಬಿಸುತ್ತಿದ್ದಾನೆಂದು ತಿಳಿದ ಮಾಸ್ತರರು ಇನ್ನೂ ಎತ್ತರದ ಸ್ವರಕ್ಕೇರಿದರು.

ರಾಗ ಮುಗಿದು ಕಣ್ತೆರೆದಾಗ ಹಿಂದಿದ್ದವರೆಲ್ಲ ಅಳುತ್ತಿದ್ದರು. ಕೊನೆಗೂ ಜಾಜ್ ಈ ಕಲ್ಲುನೆಲದ ಎದೆಗಳನ್ನು ಕರಗಿಸಿತಲ್ಲ ಎಂದು ಮಾಸ್ತರರು ಪುಳಕಿತರಾದರು. ಆಗ ಕಂಡದ್ದು ಹೂವಿನ ವಿಮಾನ. ಅದರಲ್ಲಿ ಕುಳಿತಿದ್ದುದು ಮದುಮಗನಲ್ಲ. ಬೆಳಿಗ್ಗೆ ಲಿಂಗೈಕ್ಯರಾದ ರಾಚಪ್ಪಜ್ಜ.

ಮಾಸ್ತರರು ತುತ್ತೂರಿ ಕೆಳಗಿಳಿಸಿದರು. ಅಜ್ಜನ ಮಡದಿ ಗುಂಡವ್ವ ಕಣ್ಣೊರೆಸಿಕೊಂಡಳು: "ಯಾಕ ನಿಲ್ಲಿಸಿದ್ಯೋ ಯಪ್ಪಾ? ಬಾರಸು. ನಮ್ಮ ಮದಿವ್ಯಾಗೂ ಇಷ್ಟ ಚಂದ ಯಾರೂ ಬಾರಸಿರಲಿಲ್ಲ."

ಮಾಸ್ತರರು ಸಮಾಧಿಯವರೆಗೂ ನುಡಿಸಿದರು. ಊರು ನಿಂತು ಕೇಳಿತು. ಮುಂಬಯಿಯ ಸಂಜೆಗಳೆಲ್ಲ ಆ ಧೂಳಿನ ಹಾದಿಗೆ ಮರಳಿ ಬಂದಂತಿತ್ತು.

ಹಂದರಕ್ಕೆ ಹಿಂದಿರುಗಿದಾಗ ಗೌಡರು ಬಾಗಿಲಲ್ಲೇ ನಿಂತಿದ್ದರು.

"ತಪ್ಪಾತ್ರಿ ಗೌಡ್ರ."

"ಇಲ್ಲೀತನಕ ಕೇಳಸ್ತ್ರಿ. ಕರಳ ಚುರ್ ಅಂತು. ಇನ್ನ ನಮ್ಮ ಬಳಗಕ್ಕ ನೀವ, ಅದ ರಾಗ!"

ಮಾಸ್ತರರ ಮುಖ ಅರಳಿತು. "ಮದಿವಿಗ್ರೀ?"

"ಛೇ ಛೇ! ಮದಿವಿಗೆ ಬ್ಯಾರೆ ಬ್ಯಾಂಡ ಹೇಳೇನಿ. ನಿಮ್ಮನ್ನ ನಮ್ಮ ಅವ್ವನ ವಿಮಾನಕ್ಕ ಗೊತ್ತ ಮಾಡೇನಿ."

ಹೋಳಿಗೆ ಮೆಲ್ಲುತ್ತಿದ್ದ ಗೌಡರ ತಾಯಿ ಶಂಕ್ರೆವ್ವ ಅಭಯಹಸ್ತ ಎತ್ತಿದಳು:

"ಅವಸರಿಲ್ಲ ಬಿಡಪಾ ಮಾಸ್ತರ. ಸರತಿ ನಮ್ಮ ಅತ್ತೀದು. ಆಕಿ ಒಳಗ ಎರಡನೇ ಪಂಕ್ತಿಗೂ ಕುಂತಾಳ."